ಬ್ರಿಟನ್ನಿನ ಬೆನಿಫಿಟ್ ಕ್ಯಾಪ್: ನಿಮ್ಮ ನೆರವಿಗೆ ಕತ್ತರಿ ಬೀಳುತ್ತದೆಯೇ? ಲೆಕ್ಕ ಹಾಕುವುದು ಹೀಗೆ

ಕೆಲಸದ ವೀಸಾದಲ್ಲಿ ಬ್ರಿಟನ್ನಿಗೆ ಹೋದ ಕನ್ನಡಿಗರಿಗೆ ಸಾಮಾನ್ಯವಾಗಿ ಅಲ್ಲಿನ ಸರ್ಕಾರಿ ನೆರವು ಸಿಗುವುದಿಲ್ಲ. ಈ ಲೇಖನ ಕಾಯಂ ವಾಸದ ಹಕ್ಕು ಅಥವಾ ಪೌರತ್ವ ಪಡೆದು, ಕಷ್ಟಕಾಲದಲ್ಲಿ, ಕಡಿಮೆ ಆದಾಯದವರಿಗೆ ಬಾಡಿಗೆಯ ಪಾಲೂ ಸೇರಿ ಸರ್ಕಾರ ತಿಂಗಳಿಗೊಮ್ಮೆ ಕೊಡುವ ನೆರವಾದ ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಜಿ ಹಾಕಿದವರಿಗಾಗಿ. 2013ರಲ್ಲಿ ಜಾರಿಗೆ ಬಂದ ಬೆನಿಫಿಟ್ ಕ್ಯಾಪ್, ಒಂದು ಮನೆಗೆ ಸಿಗುವ ಒಟ್ಟು ನೆರವಿಗೆ ಮಿತಿ ಹಾಕುತ್ತದೆ.

ಮೊದಲು ನಿಮ್ಮ ಮಿತಿ ಎಷ್ಟೆಂದು ನೋಡಿ. 2023ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ, ದಂಪತಿಗೆ ಅಥವಾ ಮಕ್ಕಳಿರುವ ಒಂಟಿ ಪೋಷಕರಿಗೆ ಲಂಡನ್ನಿನಲ್ಲಿ ವರ್ಷಕ್ಕೆ 25,323 ಪೌಂಡ್, ಹೊರಗೆ 22,020 ಪೌಂಡ್. ಮಕ್ಕಳಿಲ್ಲದ ಒಂಟಿ ವ್ಯಕ್ತಿಗೆ ಕ್ರಮವಾಗಿ 16,967 ಮತ್ತು 14,753. ಮಕ್ಕಳು ಇಬ್ಬರಿರಲಿ ಐವರಿರಲಿ, ಮಿತಿ ಅಷ್ಟೇ. ಹೆಚ್ಚು ಮಕ್ಕಳಿರುವ, ಬಾಡಿಗೆ ದುಬಾರಿಯಾದ ಮನೆಗಳಿಗೇ ಪೆಟ್ಟು ಬೀಳುವುದು ಇದರಿಂದ. ನನಗೆ ಇದು ಅನ್ಯಾಯವೆಂದೇ ಕಾಣುತ್ತದೆ.

ಈಗ ಲೆಕ್ಕ. ಲಂಡನ್ನಿನ ಹೊರಗೆ ಮೂವರು ಮಕ್ಕಳೊಂದಿಗಿರುವ ತಾಯಿಯೊಬ್ಬರಿಗೆ ತಿಂಗಳಿಗೆ ಯೂನಿವರ್ಸಲ್ ಕ್ರೆಡಿಟ್ 1,900 ಪೌಂಡ್, ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಕೊಡುವ ಭತ್ಯೆ) 200 ಪೌಂಡ್ ಎಂದಿಟ್ಟುಕೊಳ್ಳಿ. ಒಟ್ಟು 2,100. ಅವರ ತಿಂಗಳ ಮಿತಿ 1,835. ಹೆಚ್ಚಾದ 265 ಪೌಂಡ್ ಯೂನಿವರ್ಸಲ್ ಕ್ರೆಡಿಟ್‌ನಿಂದ ಕಡಿತವಾಗಿ 1,635 ಮಾತ್ರ ಕೈಸೇರುತ್ತದೆ. ಚೈಲ್ಡ್ ಬೆನಿಫಿಟ್ ಲೆಕ್ಕಕ್ಕೆ ಸೇರುತ್ತದೆ, ಆದರೆ ಅದನ್ನು ಮುಟ್ಟುವುದಿಲ್ಲ. ಆನ್‌ಲೈನ್ ಖಾತೆಯ ತಿಂಗಳ ಪಟ್ಟಿಯಲ್ಲಿ ಈ ಕಡಿತ ಒಂದೇ ಒಂದು ಸಾಲಿನಲ್ಲಿ ಕಾಣುತ್ತದೆ. ಮನೆಯ ಮಾಲೀಕರು ಮಾತ್ರ ಬಾಡಿಗೆಯನ್ನು ಪೂರ್ತಿಯಾಗಿಯೇ ಕೇಳುತ್ತಾರೆ.

ಕಡಿತವನ್ನು ಒಪ್ಪಿಕೊಳ್ಳುವ ಮುನ್ನ ವಿನಾಯಿತಿಗಳನ್ನು ಒಂದೊಂದಾಗಿ ಪರಿಶೀಲಿಸಿ. ನೀವು, ಸಂಗಾತಿ ಅಥವಾ ಮಗು ಅಂಗವೈಕಲ್ಯದ ಭತ್ಯೆ ಪಡೆಯುತ್ತಿದ್ದರೆ ಮಿತಿ ಅನ್ವಯಿಸುವುದಿಲ್ಲ. ಅಂಗವಿಕಲರ ಆರೈಕೆಗಾಗಿ ನೆರವು ಪಡೆಯುವವರಿಗೂ ವಿನಾಯಿತಿ ಇದೆ. ಅಂಗವೈಕಲ್ಯವಿರುವ ಅಜ್ಜಿಯನ್ನೋ ಮಗುವನ್ನೋ ವಾರಕ್ಕೆ 35 ಗಂಟೆ ನೋಡಿಕೊಳ್ಳುತ್ತಿದ್ದರೂ ಅರ್ಜಿ ಹಾಕದೇ ಉಳಿದವರು, ದಯವಿಟ್ಟು ಇಂದೇ ವಿಚಾರಿಸಿ.

ದುಡಿಮೆಯೂ ಒಂದು ದಾರಿ. ನಿಮ್ಮ (ದಂಪತಿಯಾದರೆ ಇಬ್ಬರದೂ ಸೇರಿ) ಕೈಗೆ ಬರುವ ಒಟ್ಟು ಸಂಬಳ ನಿಗದಿತ ಮಟ್ಟ ತಲುಪಿದರೆ ಕತ್ತರಿ ಇಲ್ಲ. 2025ರ ಏಪ್ರಿಲ್‌ನಲ್ಲಿ ಆ ಮಟ್ಟ ತಿಂಗಳಿಗೆ 846 ಪೌಂಡ್ ಆಯಿತು. ಕನಿಷ್ಠ ವೇತನ ಏರಿದಂತೆ ಇದೂ ಏರುವುದರಿಂದ ಪ್ರತಿ ಏಪ್ರಿಲ್‌ನಲ್ಲಿ ಹೊಸ ಅಂಕಿ ನೋಡಿಕೊಳ್ಳಿ. ಹಿಂದಿನ 12 ತಿಂಗಳೂ ಆ ಮಟ್ಟದಲ್ಲಿ ದುಡಿದು ಈಗ ಕೆಲಸ ಕಳೆದುಕೊಂಡಿದ್ದರೆ 9 ತಿಂಗಳ ರಿಯಾಯಿತಿ ಅವಧಿ ಸಿಗುತ್ತದೆ. ಆ ಅವಧಿಯನ್ನು ನಿಮಗೆ ಕೊಡದೇ ಕಡಿತ ಮಾಡಿದ್ದರೆ ಸಂಬಳದ ಚೀಟಿಗಳನ್ನಿಟ್ಟುಕೊಂಡು ಆನ್‌ಲೈನ್ ಖಾತೆಯ ಸಂದೇಶ ವಿಭಾಗವಾದ ಜರ್ನಲ್‌ನಲ್ಲಿ ಬರೆದು ಕೇಳಿ.

ಯಾವುದೂ ಅನ್ವಯಿಸದಿದ್ದರೆ, ಬಾಡಿಗೆ ಬಾಕಿ ಬೀಳುವ ಮೊದಲೇ ಸ್ಥಳೀಯ ಕೌನ್ಸಿಲ್‌ಗೆ ಬಾಡಿಗೆ ಕೊರತೆಯ ನೆರವಿಗಾಗಿ ಅರ್ಜಿ ಕೊಡಿ. ಕೊಡಲೇಬೇಕೆಂಬ ನಿಯಮವಿಲ್ಲ, ಕೌನ್ಸಿಲ್‌ನ ವಿವೇಚನೆಗೆ ಬಿಟ್ಟದ್ದು. ಹಾಗಾಗಿ ಬಾಡಿಗೆ ಕರಾರು, ಕಡಿತ ಕಾಣುವ ಪಟ್ಟಿ, ಮನೆಯ ಖರ್ಚಿನ ವಿವರ ಮೂರನ್ನೂ ಜೊತೆಗಿಡಿ.