ಸ್ಟ್ಯಾಟಿಕ್ ಐಪಿ ಇಲ್ಲದೆ ಮನೆಯ ಸರ್ವರ್ ಹೊರಗೆ ತೆರೆದದ್ದು: ನನ್ನ ಅನುಭವ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಹಳೆಯ ಲ್ಯಾಪ್‌ಟಾಪಿನ ಮೇಲೆ ಓಡುವ ನೆಕ್ಸ್ಟ್‌ಕ್ಲೌಡ್ (ನಮ್ಮದೇ ಕಡತ, ಫೋಟೊಗಳನ್ನಿಟ್ಟು ಹಂಚುವ ತಂತ್ರಾಂಶ) ಈಗ ಇಳಕಲ್ಲಿನ ಭಾವನವರ ಸೀರೆ ಅಂಗಡಿಯಿಂದ ನೇರವಾಗಿ ತೆರೆಯುತ್ತದೆ. ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸಾರ್ವಜನಿಕ ಅಂತರ್ಜಾಲ ವಿಳಾಸ, ಕೊಳ್ಳದೆ ಇದು ಆಗುವ ಮಾತಲ್ಲ ಎಂದು ಕೇಬಲ್ ಎಳೆದ ಹುಡುಗನೂ ಹೇಳಿದ್ದ, ನೆಟ್‌ವರ್ಕಿಂಗ್‌ನಲ್ಲೇ ಕೆಲಸ ಮಾಡುವ ಗೆಳೆಯರೂ ಹೇಳಿದ್ದರು. ಆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸುರಕ್ಷಿತ ಜಾಲತಾಣಗಳು ಬಳಸುವ 443ನೇ ಪೋರ್ಟನ್ನು ಲ್ಯಾಪ್‌ಟಾಪಿಗೆ ತಿರುಗಿಸುವ ನಿಯಮ ರೌಟರಿನಲ್ಲಿ ಸರಿಯಾಗಿತ್ತು, ಮನೆಯೊಳಗೆ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ವಿಳಾಸವನ್ನೂ ಕಾಯ್ದಿರಿಸಿದ್ದೆ. ಆದರೂ ಹೊರಗಿನಿಂದ ಬರೀ ಟೈಮ್‌ಔಟ್. ರೌಟರ್ ಬದಲಿಸಿ ಎಂದರು. ಮೂರೂವರೆ ಸಾವಿರದಷ್ಟು ಹೋಯಿತು, ಫಲ ಸೊನ್ನೆ. ಡಿಎಂಝಡ್ (ಹೊರಗಿನಿಂದ ಬಂದದ್ದೆಲ್ಲವನ್ನೂ ಒಂದೇ ಯಂತ್ರಕ್ಕೆ ಕಳಿಸುವ ಆಯ್ಕೆ) ತೆರೆಯಿರಿ ಎಂದರು, ಅದೂ ಸೊನ್ನೆ. ಕೊನೆಗೆ ಲ್ಯಾಪ್‌ಟಾಪಿನಲ್ಲಿ ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿಟ್ಟು, ಮೊಬೈಲಿನ ವೈಫೈ ಆರಿಸಿ, ಡೇಟಾದಿಂದ ತಟ್ಟಿದೆ. ಪರದೆಯ ಮೇಲೆ ಒಂದು ಸಾಲೂ ಮೂಡಲಿಲ್ಲ. ಪ್ಯಾಕೆಟ್ ಬಂದು ತಿರಸ್ಕೃತವಾಗುವುದು ಬೇರೆ, ಬಾರದೇ ಇರುವುದು ಬೇರೆ. ಮನೆಯ ವೈಫೈಯಲ್ಲೇ ಕುಳಿತು ಹೊರಗಿನ ವಿಳಾಸವನ್ನು ಪರೀಕ್ಷಿಸುವವರಿಗೆ ಈ ವ್ಯತ್ಯಾಸ ಎಂದೂ ತಿಳಿಯುವುದಿಲ್ಲ, ಒಳಗಿನ ಕೋರಿಕೆಯನ್ನು ರೌಟರೇ ಮತ್ತೆ ಒಳಕ್ಕೆ ತಿರುಗಿಸುವ ಹೇರ್‌ಪಿನ್ ನ್ಯಾಟ್ ಅವರ ದಾರಿ ತಪ್ಪಿಸುತ್ತದೆ.

ರೌಟರಿನ ವ್ಯಾನ್ (ಹೊರಜಾಲದ ಕಡೆಯ) ಪುಟದಲ್ಲಿದ್ದ ವಿಳಾಸ 100.70ರಿಂದ 100.89ರ ಆಸುಪಾಸಿನದು. 100.64ರಿಂದ 100.127ರವರೆಗಿನ ಗುಂಪನ್ನು 2012ರಲ್ಲಿ ಸಿಜಿನ್ಯಾಟ್‌ಗೆಂದೇ ತೆಗೆದಿಡಲಾಗಿದೆ. ಸಿಜಿನ್ಯಾಟ್ ಎಂದರೆ ಕಂಪನಿಯ ಕಡೆಯಲ್ಲೇ ಹಲವು ಮನೆಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುವುದು; ಹಾಗಿರುವಾಗ ನಮ್ಮ ರೌಟರಿನಲ್ಲಿ ಎಷ್ಟು ನಿಯಮ ಬರೆದರೂ ವ್ಯರ್ಥ. ಸ್ಟ್ಯಾಟಿಕ್ ಐಪಿಗೆ ಕಂಪನಿಯವರು ತಿಂಗಳಿಗೆ ಇನ್ನೂರೈವತ್ತರಷ್ಟು ಕೇಳಿದರು, ಜೊತೆಗೆ ದುಬಾರಿ ಪ್ಲ್ಯಾನ್ ಹಿಡಿಯಬೇಕಿತ್ತು. ಒಪ್ಪಲಿಲ್ಲ.

ನಡುವೆ ಒಂದು ಬಾಡಿಗೆ ವಿಪಿಎಸ್ (ಸಾರ್ವಜನಿಕ ವಿಳಾಸವಿರುವ ದೂರದ ಸರ್ವರ್) ಹಿಡಿದು, ಅದರಿಂದ ಮನೆಗೆ ವೈರ್‌ಗಾರ್ಡ್ ಎಂಬ ಖಾಸಗಿ ಸುರಂಗ ಹಾಕಿದೆ. ತಿಂಗಳಿಗೆ ನಾನೂರರ ಹತ್ತಿರ. ಪುಟ ತೆರೆಯುತ್ತಿತ್ತು, ದೊಡ್ಡ ಫೋಟೊ ಅರ್ಧಕ್ಕೆ ನಿಲ್ಲುತ್ತಿತ್ತು. ನನ್ನದು ಪಿಪಿಪಿಒಇ (ಹೆಸರು, ಗುಪ್ತಪದ ಕೊಟ್ಟು ಡಯಲ್ ಮಾಡುವ ಸಂಪರ್ಕ), ಎಂಟಿಯು ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ 1492 ಬೈಟ್. ಸುರಂಗ ಐಪಿವಿ6 (ಪ್ರತಿ ಸಾಧನಕ್ಕೂ ತನ್ನದೇ ಸಾರ್ವಜನಿಕ ವಿಳಾಸ ಕೊಡಬಲ್ಲ ಹೊಸ ವಿಳಾಸ ಪದ್ಧತಿ) ಮೇಲೆ ಓಡುವುದರಿಂದ 80 ಬೈಟ್ ಕಳೆಯುತ್ತದೆ. ವೈರ್‌ಗಾರ್ಡ್‌ನ 1420ನ್ನು 1412ಕ್ಕೆ ಇಳಿಸಿದ ಮೇಲೆ ಸರಾಗವಾಯಿತು. ನಾನೂರು ರೂಪಾಯಿ ನನಗೆ ಕೊಟ್ಟದ್ದು ಈ ಸುಳಿವನ್ನೇ: ಐಪಿವಿ6 ಇದೆ, ಚೆನ್ನಾಗಿಯೂ ಇದೆ. ಹಾಗಿದ್ದ ಮೇಲೆ ನಡುವೆ ಬಾಡಿಗೆಯವನೇಕೆ?

ಕಂಪನಿ ಕೊಟ್ಟ ಓಎನ್‌ಟಿ (ಫೈಬರ್ ಬಂದು ಸೇರುವ ಪೆಟ್ಟಿಗೆ) ಒಳಬರುವ ಐಪಿವಿ6 ಎಲ್ಲವನ್ನೂ ತಡೆಯುತ್ತಿತ್ತು, ಸಡಿಲಿಸುವ ಆಯ್ಕೆಯೇ ಇರಲಿಲ್ಲ. ಅದನ್ನು ಬ್ರಿಡ್ಜ್‌ಗೆ (ಸಂಪರ್ಕವನ್ನು ಸುಮ್ಮನೆ ದಾಟಿಸುವ ಸ್ಥಿತಿಗೆ) ಹಾಕಿಸಿ, ಡಯಲ್ ಮಾಡುವ ಕೆಲಸವನ್ನು ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶವಿರುವ ನನ್ನ ರೌಟರಿಗೆ ಒಪ್ಪಿಸಿದೆ. ಬ್ರಿಡ್ಜ್ ಮಾಡಿಸಲು ಸಹಾಯವಾಣಿಯಲ್ಲಿ ಯಾರನ್ನು, ಏನೆಂದು ಕೇಳಬೇಕು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಲ್ಲರೂ ಒಂದೇ ಸಲ ಕೇಳಿದರೆ ಆ ಬಾಗಿಲೂ ಮುಚ್ಚೀತು.

ಮುಂದಿನ ತೊಡಕು, ಪ್ರತಿ ಮರುಸಂಪರ್ಕಕ್ಕೂ ಬದಲಾಗುವ ಪ್ರಿಫಿಕ್ಸ್, ಅಂದರೆ ಐಪಿವಿ6 ವಿಳಾಸದ ಮೊದಲ ಭಾಗ. ಗೆಳೆಯರು ಇಲ್ಲಿಯೇ ಕೈಬಿಟ್ಟಿದ್ದರು. ಲ್ಯಾಪ್‌ಟಾಪಿಗೆ ಟೋಕನ್ ಹಾಕಿ ವಿಳಾಸದ ಕೊನೆಯ 64 ಬಿಟ್‌ಗಳನ್ನು ಸ್ಥಿರಗೊಳಿಸಿದೆ. ಫೈರ್‌ವಾಲ್ ನಿಯಮದಲ್ಲಿ ಆ ಅರ್ಧವನ್ನಷ್ಟೇ ಬರೆದು ಮುಂದೆ /-64 ಎಂದು ಸೇರಿಸಿದೆ. ಆ ಕಳೆಯುವ ಚಿಹ್ನೆಯಲ್ಲೇ ಇರುವುದು ಗುಟ್ಟು: ವಿಳಾಸದ ಮೊದಲ ಅರ್ಧ ಏನಾದರೂ ಆಗಲಿ, ನಿಯಮ ಹಿಡಿಯುತ್ತದೆ. ನನ್ನ ಡೊಮೇನ್ ಹೆಸರು ಯಾವ ಐಪಿವಿ6 ವಿಳಾಸದ್ದು ಎಂದು ಹೇಳುವ ಎಎಎಎ ದಾಖಲೆಯನ್ನು ನವೀಕರಿಸಲು ಚಿಕ್ಕದೊಂದು ಸ್ಕ್ರಿಪ್ಟ್ ಇದೆ. ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ಡಿಎನ್ಎಸ್ (ಹೆಸರು-ವಿಳಾಸಗಳ ದಾಖಲೆ ವ್ಯವಸ್ಥೆ) ಮೂಲಕ ಪಡೆಯುವುದರಿಂದ 80ನೇ ಪೋರ್ಟನ್ನು ತೆರೆಯಬೇಕಾಗಿಲ್ಲ. ಹೊರಗೆ ಕಾಣುವುದು 443 ಒಂದೇ. ದೂರದಿಂದ ಯಂತ್ರ ನಡೆಸುವ ಎಸ್‌ಎಸ್‌ಎಚ್ ತೆರೆಯಬೇಡಿ, ಸಾಧನಗಳು ತಾವೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆರಿಸಿಡಿ.

ಕರೆಂಟ್ ಹೋದಾಗ ರೌಟರ್ ಸತ್ತರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲ. ಸಾವಿರದೈನೂರರ ಒಳಗಿನ 12 ವೋಲ್ಟಿನ ಪುಟ್ಟ ಯುಪಿಎಸ್ ರೌಟರ್, ಓಎನ್‌ಟಿ ಎರಡನ್ನೂ ಎರಡು ತಾಸಿನಷ್ಟು ಎಳೆಯುತ್ತದೆ; ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ.

ಭಾವನವರ ಮೊಬೈಲ್ ಜಾಲದಲ್ಲಿ ಐಪಿವಿ6 ಇರುವುದರಿಂದ ಅವರಿಗೆ ಏನನ್ನೂ ಹಾಕಿಕೊಡಬೇಕಾಗಲಿಲ್ಲ. "ಸೆರಗಿನ ಎಳೆ ಎಳೆಯೂ ಕಾಣುತ್ತಿದೆಯಪ್ಪ" ಎಂದರು. ಐಪಿವಿ4 ಮಾತ್ರ ಇರುವ ಕಚೇರಿಗಳಿಂದ ಇದು ತೆರೆಯುವುದಿಲ್ಲ. ಅಂಥವರಿಗೆ ವಿಪಿಎಸ್ ಸುರಂಗದಂಥ ದಾರಿಯೇ ಗತಿ. ನಾನು ನನ್ನದನ್ನು ಕಳೆದ ತಿಂಗಳು ರದ್ದು ಮಾಡಿದೆ.