ಎರ್ಟಿಗಾವೋ ಕ್ಯಾರೆನ್ಸೋ: ಕೂತು, ಅಳೆದು ನೋಡುವ ಬಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು, ಕುಸಿದ ಫೋಮ್ ಬದಲಾಯಿಸುವುದು ನನ್ನ ಕೆಲಸ. ಹೊಚ್ಚ ಹೊಸ ಕಾರು ತಂದು ‘ಸೀಟು ಒತ್ತುತ್ತದೆ, ಇನ್ನೊಂದು ಪದರ ಫೋಮ್ ಹಾಕಿಕೊಡಿ’ ಎನ್ನುವವರನ್ನು ಕಂಡಾಗ ಬೇಸರವಾಗುತ್ತದೆ. ಲಕ್ಷಗಟ್ಟಲೆ ಹಣ ಕೊಡುವ ಮೊದಲು ಆ ಸೀಟಿನಲ್ಲಿ ಅರ್ಧ ಗಂಟೆ ಕೂತಿದ್ದರೆ ಈ ಖರ್ಚು ಬರುತ್ತಿರಲಿಲ್ಲ. ಏಳು ಜನ ಕೂರುವ ಕಾರು ಹುಡುಕುವವರು ನನ್ನನ್ನು ಕೇಳುವುದು ಹೆಚ್ಚಾಗಿ ಮಾರುತಿ ಎರ್ಟಿಗಾ ಮತ್ತು ಕಿಯಾ ಕ್ಯಾರೆನ್ಸ್ ಬಗ್ಗೆ. ಅವೆರಡನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೇರೆ ಯಾವ ಎರಡು ಕಾರಿಗೂ ಕ್ರಮ ಇದೇ.

ಮೊದಲು ಕಾಗದದ ಮೇಲಿನ ಲೆಕ್ಕ. 2018ರ ನವೆಂಬರ್‌ನಲ್ಲಿ ಬಂದ ಎರಡನೇ ತಲೆಮಾರಿನ ಎರ್ಟಿಗಾದ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ, 2,740 ಮಿ.ಮೀ. 2022ರಲ್ಲಿ ಬಂದ ಕ್ಯಾರೆನ್ಸ್‌ನದು 2,780. ವ್ಯತ್ಯಾಸ 40 ಮಿ.ಮೀ., ಸುಮಾರು ಒಂದೂವರೆ ಇಂಚು. ಅದು ಮೂರು ಸಾಲುಗಳಿಗೆ ಹಂಚಿಹೋದರೆ ಸಾಲಿಗೆ ಸಿಗುವುದು ಅರ್ಧ ಇಂಚು. ಅಗಲದಲ್ಲಿ ಕ್ಯಾರೆನ್ಸ್ 1,800, ಎರ್ಟಿಗಾ 1,735. ಆದರೆ ಇವು ಹೊರಮೈಯ ಅಳತೆಗಳು. ಬಾಗಿಲಿನ ದಪ್ಪ, ಒಳಗಿನ ಪ್ಯಾನೆಲ್, ಸೀಟಿನ ಬೆನ್ನಿನ ದಪ್ಪ ಎಲ್ಲವೂ ಕಳೆದ ಮೇಲೆ ನಮ್ಮ ಮಂಡಿಗೆ, ಭುಜಕ್ಕೆ ಉಳಿಯುವುದೆಷ್ಟು ಎಂಬುದನ್ನು ಟೇಪಿನಿಂದಲೇ ತಿಳಿಯಬೇಕು.

ಆದ್ದರಿಂದ ಶೋರೂಮಿಗೆ ಹೋಗುವಾಗ ಒಂದು ಟೇಪು, ಒಂದು ನೋಟ್‌ಬುಕ್ಕು ಜೊತೆಗಿರಲಿ. ವಾರದ ನಡುವಿನ ದಿನ ಬೆಳಿಗ್ಗೆ ಹೋಗಿ, ಭಾನುವಾರ ಯಾರೂ ನಿಮ್ಮನ್ನು ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನೂ ಮಂಡಿ ನೋವಿರುವವರನ್ನೂ ತಪ್ಪದೇ ಕರೆದೊಯ್ಯಿರಿ. ನೀವು ಕೊಳ್ಳುವ ಮಾದರಿಯನ್ನೇ ತೋರಿಸಲು ಕೇಳಿ. ಪ್ರದರ್ಶನಕ್ಕೆ ಇಟ್ಟಿರುವುದು ಸಾಮಾನ್ಯವಾಗಿ ದುಬಾರಿ ಮಾದರಿ. ಅದರಲ್ಲಿ ಚಾಲಕನ ಸೀಟನ್ನು ಎತ್ತರಿಸುವ ಸೌಲಭ್ಯವಿರಬಹುದು, ನಿಮ್ಮದರಲ್ಲಿ ಇಲ್ಲದಿರಬಹುದು. ಸನ್‌ರೂಫ್ ಇದ್ದರೆ ತಲೆಯ ಮೇಲಿನ ಜಾಗವೂ ಕಡಿಮೆಯಾಗುತ್ತದೆ.

ಅಳೆಯುವುದಕ್ಕೆ ಒಂದು ಕ್ರಮವಿದೆ. ದಿನವೂ ಓಡಿಸುವವರು ಮೊದಲು ಚಾಲಕನ ಸೀಟಿನಲ್ಲಿ ಕೂತು, ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ತುಸು ಬಾಗಿರುವಂತೆ ಸೀಟನ್ನು ಹೊಂದಿಸಿಕೊಳ್ಳಲಿ. ಆ ಸೀಟನ್ನು ಅಲ್ಲಿಂದ ಅಲುಗಿಸದೆ ಅದರ ಹಿಂದೆ ಕೂತು ಅಳೆಯಿರಿ. ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ‘ಎಷ್ಟು ಜಾಗ ನೋಡಿ’ ಎಂದು ತೋರಿಸಿದರೆ ಮರುಳಾಗಬೇಡಿ. ಎರಡೂ ಕಾರುಗಳಲ್ಲಿ ನಡುಸಾಲು ಹಿಂದೆಮುಂದೆ ಜಾರುತ್ತದೆ. ಅದನ್ನು ಪೂರ್ತಿ ಹಿಂದಕ್ಕೆ ಎಳೆದು ಒಮ್ಮೆ, ಪೂರ್ತಿ ಮುಂದಕ್ಕೆ ತಂದು ಒಮ್ಮೆ ಮಂಡಿಯಿಂದ ಮುಂದಿನ ಸೀಟಿನ ಬೆನ್ನಿಗಿರುವ ಅಂತರ ಬರೆದುಕೊಳ್ಳಿ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಮುಂದಿನ ಸೀಟಿನ ಅಡಿಗೆ ನಿಮ್ಮ ಪಾದ ಹೋಗುತ್ತದೆಯೇ? ಮುಂದಿನವರು ಸೀಟನ್ನು ಕೆಳಕ್ಕೆ ಇಳಿಸಿಕೊಂಡಿದ್ದರೆ ಬೆರಳುಗಳೂ ನುಗ್ಗದಿರಬಹುದು. ಮಂಡಿಗೆ ಎಷ್ಟೇ ಜಾಗವಿದ್ದರೂ ಪಾದ ಚಾಚಲಾಗದಿದ್ದರೆ ಹಾಸನ ದಾಟುವ ಮೊದಲೇ ಕಾಲು ಹಿಡಿದುಕೊಳ್ಳುತ್ತದೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಕೂತ ತಕ್ಷಣ ಹಿತವೆನಿಸುವ ಮೆತ್ತನೆಯ ಸೀಟನ್ನು ನಂಬಬೇಡಿ. ಮೃದು ಫೋಮ್ ದೇಹದ ಭಾರಕ್ಕೆ ಬೇಗ ಒತ್ತಿಹೋಗುತ್ತದೆ, ಆಮೇಲೆ ಸೊಂಟವೇ ಸೀಟಿನ ಕೆಲಸ ಮಾಡಬೇಕಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಏನೂ ತಿಳಿಯದು. ಸೀಟಿನ ನಡುವೆ ಒಂದು ಮಂಡಿಯೂರಿ ಪೂರ್ತಿ ಭಾರ ಹಾಕಿ. ತಳದ ಗಟ್ಟಿ ಚೌಕಟ್ಟು ತಾಕಿದಂತಾದರೆ ಆ ಫೋಮ್ ತೆಳುವೆಂದೇ ತಿಳಿಯಿರಿ. ನಂತರ ಬೆನ್ನು ಪೂರ್ತಿ ಒರಗಿಸಿ ಕೂತು ತೊಡೆಯ ಕೆಳಗೆ, ಮಂಡಿಯ ಹತ್ತಿರ ಅಂಗೈ ಜಾರಿಸಿ. ಅಂಗೈ ಸಲೀಸಾಗಿ ಒಳಗೆ ಹೋದರೆ ತೊಡೆಗೆ ಆಸರೆಯಿಲ್ಲ, ಭಾರವೆಲ್ಲ ಕುಂಡೆಯ ಮೇಲೆಯೇ ಬೀಳುತ್ತದೆ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳಷ್ಟು ಜಾಗ ಉಳಿಯಬೇಕು. ಅದೂ ಉಳಿಯದಿದ್ದರೆ, ಗಿಡ್ಡಗಿರುವವರಿಗೆ ಅಂಚು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಗಂಡನಿಗೆ ಸರಿಯಾದ ಸೀಟು ಹೆಂಡತಿಗೆ ಉದ್ದವಾಗುವುದು ಹೀಗೆ. ಇಬ್ಬರೂ ಕೂತು ನೋಡಲೇಬೇಕು.

ಮೂರನೇ ಸಾಲಿನಲ್ಲಿ ಸಮಸ್ಯೆ ಬೇರೆ ಥರದ್ದು. ಅಲ್ಲಿ ನೆಲ ಎತ್ತರ, ಸೀಟು ತಗ್ಗು. ಹಾಗಾಗಿ ದೊಡ್ಡವರ ಮಂಡಿ ಎದೆಯತ್ತ ಏಳುತ್ತದೆ. ನೆಲದಿಂದ ಸೀಟಿನ ಮೇಲ್ಮೈಗೆ ಎಷ್ಟು ಇಂಚು ಎಂದು ಎರಡೂ ಕಾರಿನಲ್ಲಿ ಅಳೆಯಿರಿ. ಒಂದು ಇಂಚಿನ ವ್ಯತ್ಯಾಸವೂ ಅಲ್ಲಿ ದೊಡ್ಡದು. ಒಳಗೆ ಹೋಗುವ ದಾರಿಯೂ ಒಂದೇ ಅಲ್ಲ. ಎರ್ಟಿಗಾದಲ್ಲಿ ನಡುಸಾಲಿನ ಬೆನ್ನು ಬಾಗಿ ಸೀಟು ಮುಂದಕ್ಕೆ ಜಾರುತ್ತದೆ. ಕ್ಯಾರೆನ್ಸ್‌ನ ಕೆಲವು ಮಾದರಿಗಳಲ್ಲಿ ಗುಂಡಿ ಒತ್ತಿದರೆ ಸೀಟು ಮಡಚಿಕೊಂಡು ಮುಂದಕ್ಕೆ ಉರುಳುತ್ತದೆ. ಮಾರಾಟದ ಹುಡುಗ ಮಾಡಿ ತೋರಿಸಿದರೆ ಸಾಲದು, ಅಲ್ಲಿ ಕೂರಬೇಕಾದವರೇ ಹತ್ತಿ ಇಳಿಯಲಿ. ಎಲ್ಲ ಸಾಲೂ ಏರಿಸಿದಾಗ ಡಿಕ್ಕಿ ಎರ್ಟಿಗಾದಲ್ಲಿ 209 ಲೀಟರ್, ಕ್ಯಾರೆನ್ಸ್‌ನಲ್ಲಿ 216. ಎರಡೂ ಸಣ್ಣವೇ. ಏಳು ಜನ ಧರ್ಮಸ್ಥಳಕ್ಕೆ ಹೊರಟರೆ ಬಟ್ಟೆಯ ಚೀಲಗಳಿಗೆ ಮೇಲೆ ಕ್ಯಾರಿಯರ್ ಬೇಕಾದೀತು. ಎರ್ಟಿಗಾ ಸಿಎನ್‌ಜಿ ತೆಗೆದುಕೊಳ್ಳುವುದಾದರೆ ಸಿಲಿಂಡರು ಆ ಡಿಕ್ಕಿಯಲ್ಲೂ ಪಾಲು ಕೇಳುತ್ತದೆ.

ವಯಸ್ಸಾದವರಿಗೆ ಒಳಗಿನ ಜಾಗಕ್ಕಿಂತ ಹತ್ತಿ ಇಳಿಯುವುದೇ ಮುಖ್ಯ. ನನ್ನ ಅತ್ತೆಗೆ ಮಂಡಿ ಸವೆದಿದೆ. ಅವರು ಮೊದಲು ಸೀಟಿನ ಅಂಚಿಗೆ ಕೂತು, ಒಂದೊಂದೇ ಕಾಲನ್ನು ಒಳಗೆ ಎತ್ತಿಕೊಳ್ಳುತ್ತಾರೆ. ಸೀಟು ಬಾಗಿಲಿನ ಅಂಚಿನಿಂದ ಬಹಳ ಒಳಗಿದ್ದರೆ ಅದು ಆಗುವುದಿಲ್ಲ. ಮೇಲಾಗಿ ಅಗಲವಾದ ಹೊಸ್ತಿಲಿಗೆ ಸೀರೆಯ ಅಂಚು ಉಜ್ಜಿ ಮಳೆಗಾಲದಲ್ಲಿ ಕೆಸರಾಗುತ್ತದೆ. ಬಾಗಿಲು ತೆರೆದು, ಹೊರಗಿನ ನೆಲದಿಂದ ಸೀಟಿನ ಎತ್ತರವನ್ನೂ ಹೊರ ಅಂಚಿನಿಂದ ಸೀಟಿಗಿರುವ ದೂರವನ್ನೂ ಅಳೆಯಿರಿ. ಸೊಂಟ ಕೆಳಕ್ಕೆ ಇಳಿಯದೆ, ಮೇಲಕ್ಕೂ ಏರದೆ ಪಕ್ಕಕ್ಕೆ ಸರಿದು ಕೂರುವಂತಿದ್ದರೆ ಅದೇ ಸರಿಯಾದ ಎತ್ತರ. ಹಿಡಿದುಕೊಳ್ಳಲು ಚಾವಣಿಯ ಹಿಡಿ ಕೈಗೆಟಕುತ್ತದೆಯೇ ಎಂದೂ ನೋಡಿ.

ಕೊನೆಗೆ ಓಡಿಸಿ ನೋಡುವಾಗ ನೀವು ಹಿಂದೆ ಕೂರಿ, ಓಡಿಸಲು ಬೇರೆಯವರಿಗೆ ಕೊಡಿ. ಉಬ್ಬುಗಳಿರುವ ರಸ್ತೆಯನ್ನೇ ಕೇಳಿ. ಮೂರನೇ ಸಾಲು ಹಿಂದಿನ ಚಕ್ರದ ಮೇಲೆಯೇ ಇರುವುದರಿಂದ ಕುಲುಕು ಅಲ್ಲಿ ಹೆಚ್ಚು. ಮಧ್ಯಾಹ್ನದ ಬಿಸಿಲಲ್ಲಿ ಎಸಿ ಗಾಳಿ ಅಲ್ಲಿಗೆ ತಲುಪುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಕಾರು ಮನೆಗೆ ಬಂದ ಮೇಲೆ ಕವರ್ ಹಾಕಿಸುವುದಾದರೆ ಮುಂದಿನ ಸೀಟಿನ ಬೆನ್ನಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂಬ ಪುಟ್ಟ ಪಟ್ಟಿಯಿದೆಯೇ ನೋಡಿ. ಇದ್ದರೆ ಆ ಭಾಗ ತೆರೆದಿರುವ ಅಥವಾ ಅಲ್ಲಿ ಸುಲಭವಾಗಿ ಬಿಚ್ಚಿಕೊಳ್ಳುವ ಹೊಲಿಗೆಯಿರುವ ಕವರನ್ನೇ ಕೇಳಿ, ದಪ್ಪ ರೆಕ್ಸಿನ್ ಬಿಗಿದು ಮುಚ್ಚಿಸಬೇಡಿ. ಗಾಳಿಯಾಡುವ ತಂಪು ಸೀಟು ಇರುವ ಮಾದರಿಯಾದರೆ ಕವರ್ ಹಾಕಿಸಲೇಬೇಡಿ, ಗಾಳಿಯ ರಂಧ್ರಗಳು ಮುಚ್ಚಿಹೋಗುತ್ತವೆ.