ಒಂದೇ ಸ್ಲೈಡು, ಎರಡು ಲೆಕ್ಕ

ಮೆದುಳಿನ ಗಡ್ಡೆಯ ರಕ್ತನಾಳಗಳನ್ನು ಮೊದಲ ಸಲ ಎಣಿಸಿದ ಲೆಕ್ಕವನ್ನೆಲ್ಲ ಬಿಸಾಡಬೇಕಾಯಿತು. ತಪ್ಪು ನನ್ನದೇ.

ನಾನು ಹಾಸನದಲ್ಲಿ ಪೆಥಾಲಜಿಸ್ಟ್, ಅಂದರೆ ರೋಗಿಯ ಅಂಗಾಂಶ ನೋಡಿ ರೋಗ ಗುರುತಿಸುವ ಡಾಕ್ಟರು. ಮೆದುಳಿನ ಗಡ್ಡೆಯ ತುಣುಕು ಹುದುಗಿಸಿಟ್ಟ ಹಳೇ ಮೇಣದ ಬ್ಲಾಕುಗಳು ಇಪ್ಪತ್ತು ಚಿಲ್ಲರೆ ಕಪಾಟಿನಲ್ಲಿದ್ದವು, ಎಲ್ಲವೂ ಗ್ಲಯೋಮಾ, ಅಂದರೆ ನರಕೋಶಗಳಿಗೆ ಆಸರೆಯಾಗುವ ಕೋಶಗಳ ಗಡ್ಡೆ. ಗಡ್ಡೆ ದೊಡ್ಡದಾಗಬೇಕಾದರೆ ಹೊಸ ರಕ್ತನಾಳ ಬೇಕೇ ಬೇಕು ಅಂತ ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ಬರೆದಿದ್ದರು. ಆಮ್ಲಜನಕ ಸಾಲದೆ ಒದ್ದಾಡುವ ಗಡ್ಡೆ ವಿಇಜಿಎಫ್ ಅನ್ನೋ ಪ್ರೋಟೀನ್ ಬಿಟ್ಟು ನಾಳಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಾಗಾದರೆ ನಾಳ ಜಾಸ್ತಿ ಇದ್ದವರು ಬೇಗ ಹೋಗುತ್ತಾರಾ? ಇದು ನನ್ನ ಪ್ರಶ್ನೆ.

ಸಿಡಿ34 ಸ್ಟೇನ್ ಹಾಕಿದರೆ ನಾಳದ ಒಳಪದರ ಕಂದು ಬಣ್ಣಕ್ಕೆ ತಿರುಗುತ್ತದೆ. ಮೊದಲು 40 ಪಟ್ಟು ಹಿಗ್ಗಿಸಿ ಇಡೀ ಸ್ಲೈಡು ಸುತ್ತಿ, ನಾಳ ದಟ್ಟವಾಗಿರುವ ಜಾಗ ಹುಡುಕಬೇಕು. ಆಮೇಲೆ 200 ಪಟ್ಟಿಗೆ ಏರಿಸಿ ಮೂರು ಕಡೆ ಎಣಿಸಿ ಸರಾಸರಿ ತೆಗೆದರಾಯಿತು. ಸುಲಭ ಅಲ್ವಾ? ಆದರೆ ಗ್ಲಯೋಮಾದಲ್ಲೇ ಜೋರಾಗಿ ಬೆಳೆಯುವ ಗ್ಲಯೋಬ್ಲಾಸ್ಟೋಮಾದಲ್ಲಿ ನಾಳಗಳು ನೂಲುಂಡೆಯ ಹಾಗೆ ಸಿಕ್ಕುಸಿಕ್ಕಾಗಿರುತ್ತವೆ. ಅದು ಒಂದಾ, ಎಂಟಾ?

ಯಾರು ಬದುಕಿದ್ದಾರೆ, ಯಾರಿಲ್ಲ ಅಂತ ತಿಳಿಯಲು ರೋಗಿಗಳ ಮನೆಗೆ ಮೊದಲೇ ಫೋನು ಮಾಡಿದ್ದೆ. ಅರಕಲಗೂಡು ಕಡೆಯ ಒಬ್ಬಾಕೆ "ಆಲೂಗಡ್ಡೆ ಬಿತ್ನೆ ಹೊತ್ತಿಗೇ ಹೋಗ್ಬಿಟ್ರು ಸಾರ್" ಅಂದಿದ್ದು ಕಿವಿಯಲ್ಲೇ ಇತ್ತು. ಅವರ ಯಜಮಾನರ ಸ್ಲೈಡಿನಲ್ಲಿ ಉಂಡೆ ಎಂಟಾಯಿತು. ಬದುಕಿದ್ದವರದ್ದು ಒಂದು. ಹೀಗೆ ಎಣಿಸುತ್ತಿದ್ದೇನೆ ಅಂತ ನನಗೆ ಗೊತ್ತೇ ಆಗಿರಲಿಲ್ಲ. ನಮ್ಮ ಟೆಕ್ನಿಷಿಯನ್ ಒಂದು ದಿನ ಕೇಳಿಬಿಟ್ಟರು: "ಡಾಕ್ಟ್ರೇ, ನಿನ್ನೆ ಇದೇ ಸ್ಲೈಡಿಗೆ ಬೇರೆ ನಂಬರ್ ಬರೆಸಿದ್ರಲ್ಲ?"

ಅವರೇ ಹೆಸರಿನ ಮೇಲೆ ಪ್ಲಾಸ್ಟರ್ ಅಂಟಿಸಿ, ಸ್ಲೈಡುಗಳ ಕ್ರಮ ಕಲಸಿ ಕೊಟ್ಟರು. ಅಂಟಿಕೊಂಡ ಉಂಡೆ ಒಂದೇ ಅಂತ ಚೀಟಿ ಬರೆದು ಮೈಕ್ರೋಸ್ಕೋಪಿಗೆ ಸಿಕ್ಕಿಸಿಕೊಂಡೆ. ಸತ್ತ ಅಂಗಾಂಶದ ಜಾಗ ಬಿಟ್ಟೆ. ಈ ಸಲ ನಿಧಾನದ ಗಡ್ಡೆಗೂ ಜೋರಾಗಿ ಬೆಳೆಯುವ ಗಡ್ಡೆಗೂ ವ್ಯತ್ಯಾಸ ಉಳಿಯಿತು. ಗ್ಲಯೋಬ್ಲಾಸ್ಟೋಮಾದವರಲ್ಲೇ ಯಾರು ಎಷ್ಟು ತಿಂಗಳು ಅನ್ನೋದು ಮಾತ್ರ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಕೇಸುಗಳೂ ಕಮ್ಮಿ, ಬಿಡಿ.

ವಿಇಜಿಎಫ್ ತಡೆಯುವ ಬೆವಾಸಿಜುಮಾಬ್ ಅನ್ನೋ ಔಷಧಿಯ ಕಥೆಯೂ ಸ್ವಲ್ಪ ಹೀಗೇ. 2014ರಲ್ಲಿ ಬಂದ ಎರಡು ದೊಡ್ಡ ಟ್ರಯಲ್‌ಗಳಲ್ಲಿ ಗಡ್ಡೆ ಮತ್ತೆ ಬೆಳೆಯುವುದು ಮೂರ್ನಾಲ್ಕು ತಿಂಗಳು ಮುಂದೆ ಹೋಯಿತು, ಆಯಸ್ಸು ಹೆಚ್ಚಲಿಲ್ಲ. ಈ ನಾಳಗಳು ಸೋರುವುದರಿಂದ ಮೆದುಳು ಊದಿಕೊಳ್ಳುತ್ತದೆ. ಆ ಊತವನ್ನು ಔಷಧಿ ಇಳಿಸುತ್ತದೆ, ಅದೂ ಸಣ್ಣದಲ್ಲ.

ಈಗ ರಿಪೋರ್ಟಿನಲ್ಲಿ ನಾಳಗಳ ಅತಿ ಬೆಳವಣಿಗೆ ಇದ್ದರೆ ಇದೆ ಅಂತ ಬರೆಯುತ್ತೇನೆ, ಗಡ್ಡೆ ಎಷ್ಟು ಜೋರಿನದು ಅಂತ ಗ್ರೇಡ್ ಹಾಕಲು ಅದು ಬೇಕು. ಎಷ್ಟು ನಾಳ ಅಂತ ಬರೆಯುವುದಿಲ್ಲ.